ಒಂದು ದೀರ್ಘದ ವಿದೇಶಾಂಗ ನೀತಿ

ಹೆಬ್ಬಾಗಿಲಿನ ಕಮಾನಿನ ಮೇಲೆ ‘ಅಂತರರಾಷ್ಟ್ರೀಯ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ’ ಎಂದು ಬರೆದಿದೆ. ಕಟ್ಟಡದ ಹಣೆಯ ಮೇಲೆ ‘ಅಂತಾರಾಷ್ಟ್ರೀಯ’ ಎಂದಿದೆ. ನಿರ್ದೇಶಕರ ಮೇಜಿನ ಮೇಲಿರುವ ರಬ್ಬರ್ ಮೊಹರಿನಲ್ಲಿ ‘ಅಂತರ್ರಾಷ್ಟ್ರೀಯ’. ಮೂರು ಆರ್ಥಿಕ ವರ್ಷಗಳಲ್ಲಿ ಮೂವರು ಗುತ್ತಿಗೆದಾರರು ಮಾಡಿಕೊಟ್ಟ ಕೆಲಸವಾದ್ದರಿಂದ ಮೂರಕ್ಕೂ ಬಿಲ್ ಪಾಸಾಗಿದೆ. ಬಿಲ್ ಪಾಸಾದ ಕಾಗುಣಿತವನ್ನು ತಪ್ಪೆನ್ನುವ ವ್ಯಾಕರಣ ಇನ್ನೂ ಹುಟ್ಟಿಲ್ಲ.

ಕೋಲಾರದ ಓದುಗರು ಈ ಕೇಂದ್ರವನ್ನು ಹುಡುಕಿಕೊಂಡು ಹೊರಡಬೇಕಿಲ್ಲ. ಈ ವಿಶ್ವವಿದ್ಯಾಲಯವನ್ನು ನಾನೇ ನನ್ನ ಮನೆಯ ಜಗುಲಿಯ ಮೇಲೆ ಕುಳಿತು ಕಟ್ಟಿದ್ದು. ಸರ್ಕಾರದ ಅನುದಾನ ಬೇಡದೆ, ಯಾರ ಜಮೀನನ್ನೂ ಸ್ವಾಧೀನಪಡಿಸಿಕೊಳ್ಳದೆ ಎದ್ದು ನಿಂತ ವಿಶ್ವವಿದ್ಯಾಲಯ ಬಹುಶಃ ಇದೊಂದೇ. ಊರು ಮಾತ್ರ ನಿಜದ ಊರು. ಅದರ ಟೊಮೆಟೊ, ಮಾವು, ಚಿನ್ನದ ಗಣಿ ಯಾವುದೂ ನನ್ನ ಕಲ್ಪನೆಯಲ್ಲ.

ಮೂರು ಕಾಗುಣಿತದ ಗುಟ್ಟು ರಟ್ಟಾದದ್ದು ಒಬ್ಬ ಎಂ.ಎ. ವಿದ್ಯಾರ್ಥಿನಿಯಿಂದ. ತನ್ನ ಪ್ರಬಂಧದ ಮುಖಪುಟದಲ್ಲಿ ಯಾವುದನ್ನು ಬರೆಯಬೇಕು ಎಂದು ಅವಳು ಅರ್ಜಿ ಕೊಟ್ಟಳು. ಅರ್ಜಿ ಕೊಡಲು ಒಂದು ಹಾಳೆ ಸಾಕು, ಉತ್ತರ ಕೊಡಲು ಉಪಸಮಿತಿ ಬೇಕು. ಉಪಸಮಿತಿ ಸೇರಿತು. ‘ಅಂತರ್’ ಎಂದರೆ ಒಳಗೆ ಎಂದು ಒಬ್ಬರು ಎಚ್ಚರಿಸಿದರು: ಹಾಗೆ ಬರೆದುಕೊಂಡರೆ ಕೇಂದ್ರ ದೇಶದೊಳಗಿನದಾಗಿಬಿಡುತ್ತದೆ, ಆಮೇಲೆ ವಿದೇಶ ಪ್ರವಾಸದ ಭತ್ಯೆಗೆ ಲೆಕ್ಕಪರಿಶೋಧಕರು ಕೊಕ್ಕೆ ಹಾಕುತ್ತಾರೆ. ಮುಂದಿನ ಸಭೆಯಲ್ಲಿ ‘ಅಂತರ’ ಎಂದರೆ ದೂರ ಎಂಬುದು ಇನ್ನೊಬ್ಬರಿಗೆ ಹೊಳೆಯಿತು. ರಾಷ್ಟ್ರೀಯವಾದದ್ದರಿಂದ ಅಂತರ ಕಾಯ್ದುಕೊಂಡ ಕೇಂದ್ರ ಎಂದು ಯಾರಾದರೂ ಓದಿಕೊಂಡರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ಯಾರು? ಉಳಿದದ್ದು ‘ಅಂತಾರಾ’. ಅದೋ, ಊರ ಜನರ ಬಾಯಲ್ಲಿ ‘ಹಾಗೆನ್ನುತ್ತಾರೆಯೇ?’ ಎಂಬ ಅನುಮಾನದ ಮಾತು. ಇದನ್ನು ರಾಷ್ಟ್ರೀಯ ಅಂತಾರಾ ಎಂದು ಕೇಳಿದಂತಾಗುತ್ತದೆ. ಗೋಡಂಬಿ ಮುಗಿಯುವ ಹೊತ್ತಿಗೆ ವಿಷಯವನ್ನು ಕನ್ನಡ ವಿಭಾಗಕ್ಕೆ ಒಪ್ಪಿಸಿ ಎಲ್ಲರೂ ಎದ್ದರು.

ಕನ್ನಡ ವಿಭಾಗದಲ್ಲಿ ಸಂಧಿ ಬಿಡಿಸಬಲ್ಲವರು ಒಬ್ಬರಿದ್ದರು. ರಕಾರದ ಮುಂದೆ ರಕಾರ ಬಂದರೆ ಮೊದಲನೆಯದು ಬಿದ್ದುಹೋಗಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ, ಆದ್ದರಿಂದ ‘ಅಂತಾರಾಷ್ಟ್ರೀಯ’ವೇ ಸಾಧು ಎಂದು ಅವರು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು. ಆದರೆ ಅವರು ಅತಿಥಿ ಉಪನ್ಯಾಸಕರು. ಐದು ತಿಂಗಳಿಂದ ಗೌರವಧನ ಬಂದಿಲ್ಲವೆಂದು ಅದೇ ಕಮಾನಿನ ಕೆಳಗೆ ಧರಣಿ ಕುಳಿತಿದ್ದರು. ಮೇಲೆ ತಪ್ಪು, ಕೆಳಗೆ ಉತ್ತರ, ನಡುವೆ ಹನ್ನೆರಡು ಅಡಿ ಅಂತರ.

ಅತಿಥಿ ಎಂಬ ಪದಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡು ಅರ್ಥಗಳಿವೆ. ಒಬ್ಬ ಅತಿಥಿ ಹದಿನಾಲ್ಕು ವರ್ಷ ಪಾಠ ಹೇಳಿದರೂ ಅತಿಥಿಯಾಗಿಯೇ ಉಳಿಯುತ್ತಾನೆ, ಮನೆಯವನಾಗುವುದೇ ಇಲ್ಲ. ಇನ್ನೊಬ್ಬ ಒಂದು ಲೋಟ ನೀರು ಕೇಳಿಕೊಂಡು ಬಂದರೂ ಶಾಲು ಹೊದ್ದುಕೊಂಡು ಹೋಗುತ್ತಾನೆ. ಈ ಎರಡನೆಯವನ ಕಥೆ ಕೇಂದ್ರದ ವಾರ್ತಾಪತ್ರದ ಮುಖಪುಟದಲ್ಲಿದೆ.

ವಾರ್ತಾಪತ್ರ ನನಗೆ ತಪ್ಪದೆ ಬರುತ್ತದೆ. ನಾನು ಭೂಗೋಳದ ಮೇಷ್ಟರಾಗಿದ್ದವನು. ನಿವೃತ್ತನಾದಾಗ ಶಾಲೆಯವರು ಎಸೆಯಲಿದ್ದ ಒಂದು ಗ್ಲೋಬನ್ನು ಮನೆಗೆ ತಂದಿಟ್ಟುಕೊಂಡಿದ್ದೆ, ಅದನ್ನು ಕೇಂದ್ರಕ್ಕೆ ದಾನ ಮಾಡಿದೆ. ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಒಡೆದಿಲ್ಲ. ಕೇಂದ್ರದಲ್ಲಿ ಇರುವ ಗ್ಲೋಬು ಅದೊಂದೇ ಆದ್ದರಿಂದ ನಾನು ಪೋಷಕ ಸದಸ್ಯ. ಹೊಳೆಯುವ ದಪ್ಪ ಕಾಗದ, ಪುಟಕ್ಕೆ ನಾಲ್ಕು ಚಿತ್ರ, ಪ್ರತಿ ಚಿತ್ರದಲ್ಲೂ ಹನ್ನೊಂದು ಜನ ಸೇರಿ ಒಂದು ದೀಪ ಹಚ್ಚುತ್ತಿರುತ್ತಾರೆ.

ಮುಖಪುಟದ ತಲೆಬರಹ: ‘ವಿದೇಶಿ ವಿದ್ವಾಂಸರಿಂದ ಜಲ ರಾಜತಾಂತ್ರಿಕತೆ ಕುರಿತು ವಿಶೇಷ ಉಪನ್ಯಾಸ’. ನಡೆದದ್ದು ಇಷ್ಟು. ಅಂತರಗಂಗೆ ಬೆಟ್ಟದ ಗುಹೆಗಳನ್ನು ನೋಡಿಕೊಂಡು ಸೈಕಲ್ ಹತ್ತಿದ್ದ ಒಬ್ಬ ಬಿಳಿಯ ಯುವಕ ಬಾಟಲಿಯಲ್ಲಿ ನೀರು ಖಾಲಿಯಾಗಿ ಕೇಂದ್ರದ ಗೇಟಿನೊಳಕ್ಕೆ ಬಂದ. ಗೇಟಿನ ಬಲಗಡೆ ‘ವಸುಧೈವ ಕುಟುಂಬಕಂ’ ಎಂಬ ಫಲಕವಿದೆ, ಎಡಗಡೆ ‘ಗುರುತಿನ ಚೀಟಿ ಇಲ್ಲದವರಿಗೆ ಪ್ರವೇಶವಿಲ್ಲ’ ಎಂಬ ಫಲಕವಿದೆ. ನಮ್ಮವರಾಗಿದ್ದರೆ ಕಾವಲುಗಾರ ಎಡಗಡೆಯದನ್ನು ತೋರಿಸುತ್ತಿದ್ದ. ಬಂದವನ ಬಣ್ಣ ನೋಡಿ ನಿರ್ದೇಶಕರಿಗೆ ಫೋನ್ ಮಾಡಿದ. ಕಾಲು ಗಂಟೆಯಲ್ಲಿ ವೇದಿಕೆ, ಅರ್ಧ ಗಂಟೆಯಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ತರಗತಿಗಳನ್ನು ರದ್ದುಮಾಡಿ ಸಭಾಂಗಣ ತುಂಬಿಸಿದ್ದಾಯಿತು. ನಾಡಗೀತೆ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ನುಡಿ ಎಲ್ಲ ಮುಗಿದ ಮೇಲೆ ಆ ಹುಡುಗ ಎದ್ದು, ಬಾಯಾರಿಕೆಯಾಗಿದೆ, ನೀರು ಕೊಟ್ಟರೆ ಉಪಕಾರವಾಗುತ್ತದೆ ಎಂದ. ಚಪ್ಪಾಳೆ ಬಿತ್ತು. ಒಂದೂ ಜೀವನದಿಯಿಲ್ಲದ ಜಿಲ್ಲೆಯಲ್ಲಿ ನೀರಿನ ಬಗ್ಗೆ ಯಾರು ಮಾತಾಡಿದರೂ ಚಪ್ಪಾಳೆ ಬೀಳುತ್ತದೆ. ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿಗೆ ಸಲ್ಲಿಸುವ ಕಡತದಲ್ಲಿ ಈಗ ಆತ ಒಂದು ಅಂಕ. ಅವನಿಗೆ ನೀರು ಸಿಕ್ಕಿತೋ ಇಲ್ಲವೋ ವಾರ್ತಾಪತ್ರದಲ್ಲಿ ನಮೂದಾಗಿಲ್ಲ.

ಎರಡನೆಯ ಪುಟದಲ್ಲಿ ಕ್ಷೇತ್ರಾಧ್ಯಯನ. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸಹಕಾರ ಕೂಟವಾದ ಸಾರ್ಕ್‌ನ ಶೃಂಗಸಭೆಗೆ ಬಂದಿದ್ದ ನಾಯಕರು ಪಕ್ಕದ ಚಿಕ್ಕಬಳ್ಳಾಪುರದ ನಂದಿಬೆಟ್ಟಕ್ಕೂ ಹೋಗಿದ್ದರು. ಆ ಹೆಜ್ಜೆಗುರುತುಗಳನ್ನು ಅರಸುತ್ತಾ ಬೋಧಕವರ್ಗ ಸಕುಟುಂಬವಾಗಿ, ಒಂದು ಭಾನುವಾರ, ಬಾಡಿಗೆ ಬಸ್ಸಿನಲ್ಲಿ ಬೆಟ್ಟ ಹತ್ತಿತು. ಮೇಲೆ ದಟ್ಟ ಮಂಜು. ಪಕ್ಕದಲ್ಲಿದ್ದವರ ಕೈಯಲ್ಲಿದ್ದ ಬಜ್ಜಿಯೂ ಕಾಣಿಸಲಿಲ್ಲವಂತೆ. ಇಳಿದು ಬಂದ ಮೇಲೆ ಸಲ್ಲಿಸಿದ ವರದಿಯ ಕೊನೆಯ ಸಾಲು: ‘ದಕ್ಷಿಣ ಏಷ್ಯಾದ ಸಹಕಾರದ ಭವಿಷ್ಯ ಸದ್ಯಕ್ಕೆ ಮಸುಕಾಗಿದೆ’. ನ್ಯಾಯವಾಗಿ ಹೇಳಬೇಕೆಂದರೆ ಕೇಂದ್ರದ ಇದುವರೆಗಿನ ಸಂಶೋಧನೆಗಳಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಇದೊಂದೇ. 2014ರಲ್ಲಿ ಕಠ್ಮಂಡುವಿನಲ್ಲಿ ಸೇರಿದ ಮೇಲೆ ಸಾರ್ಕ್ ಶೃಂಗಸಭೆ ನಡೆದೇ ಇಲ್ಲ.

ಒಡಂಬಡಿಕೆಗಳ ಪುಟವನ್ನು ನಾನು ಬೇಗ ತಿರುವಿಹಾಕುತ್ತೇನೆ. ಒಡಂಬಡಿಕೆ ಎಂದರೆ ತಾಂಬೂಲ ಬದಲಾಯಿಸಿಕೊಂಡು ಮದುವೆಯನ್ನು ಮರೆತುಬಿಡುವ ನಿಶ್ಚಿತಾರ್ಥ. ಒಡಂಬಡಿಕೆ ‘ಕ್ರಿಯಾಶೀಲ’ವಾಗಿರಬೇಕು ಎಂದು ಮೇಲಿನವರು ಕೇಳುವುದರಿಂದ ಪ್ರತಿ ಜನವರಿ ಒಂದರಂದು ಹನ್ನೆರಡು ದೇಶಗಳಿಗೆ ಶುಭಾಶಯದ ಮಿಂಚಂಚೆ ಹೋಗುತ್ತದೆ. ಯಾರಾದರೂ ‘ನಿಮಗೂ’ ಎಂದು ಉತ್ತರಿಸಿದರೆ ಅದು ಜಂಟಿ ಸಂಶೋಧನೆ.

ಈಗ ಮಂಡಿಗೆ ಬರೋಣ. ನಿದ್ದೆ ಬಾರದ ಬೆಳಗುಗಳಲ್ಲಿ ನಾನು ಎಪಿಎಂಸಿ ಕಡೆ ನಡೆದುಹೋಗುತ್ತೇನೆ. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಟೊಮೆಟೊ ಮಂಡಿ ಇದೆ. ಎಂಟನೆಯ ತರಗತಿಯಲ್ಲಿ ನಕ್ಷೆಯ ಮೇಲೆ ಬಾಂಗ್ಲಾದೇಶವನ್ನು ತೋರಿಸು ಎಂದರೆ ಶ್ರೀಲಂಕಾದ ಮೇಲೆ ಬೆರಳಿಟ್ಟಿದ್ದವನು. ಅದಕ್ಕಾಗಿ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಢಾಕಾ ಬಿಟ್ಟು ಭಾರತಕ್ಕೆ ಬಂದರಲ್ಲ, ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅವನು ಎರಡು ಫೋನುಗಳನ್ನು ಎರಡು ಕಿವಿಗೆ ಹಿಡಿದಿದ್ದ. “ಮೇಷ್ಟ್ರೇ, ಪೆಟ್ರಾಪೋಲ್ ಗೇಟು ಮುಚ್ಚಿದ್ದಾರೆ. ನಮ್ಮ ಗಾಡಿ ಅಲ್ಲೇ ಸಾಲಿನಲ್ಲಿದೆ. ಬೆನಾಪೋಲ್ ಕಡೆಯವರು ಫೋನೇ ಎತ್ತುತ್ತಿಲ್ಲ. ಹಣ್ಣಿಗೆ ಗೊತ್ತಾಗುತ್ತದೆಯೇ ಸರ್ಕಾರ ಬಿದ್ದಿದೆ ಎಂದು? ಅದು ಕೊಳೆಯುತ್ತದೆ” ಎಂದ. ಬೆಂಚಿನ ಮೇಲೆ ನಿಂತಿದ್ದ ಹುಡುಗನಿಗೆ ಈಗ ಬಾಂಗ್ಲಾದ ಗಡಿಯ ಒಂದೊಂದು ಗೇಟಿನ ಹೆಸರೂ ಗೊತ್ತು, ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದೂ ಗೊತ್ತು. ಭೂಗೋಳ ಕಲಿಸಬೇಕಾದದ್ದು ಹೇಗೆಂದು ನನಗೆ ಆವತ್ತು ತಿಳಿಯಿತು, ನಿವೃತ್ತಿಯಾದ ಮೇಲೆ. ಅದೇ ವಾರ ಕೇಂದ್ರದಲ್ಲಿ ‘ಶೀತಲ ಸಮರದ ಉಗಮ’ ಕುರಿತು ಎರಡು ದಿನಗಳ ಕಾರ್ಯಾಗಾರವಿತ್ತು. ನನ್ನ ಗ್ಲೋಬಿಗೆ ಅದು ಚೆನ್ನಾಗಿ ಹೊಂದುತ್ತಿತ್ತು ಎನ್ನುವುದನ್ನು ಒಪ್ಪುತ್ತೇನೆ.

ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಹದಿನೈದು ಕೆ.ಜಿ. ಪೆಟ್ಟಿಗೆಯ ದರ ಇಲ್ಲಿ 2,000 ರೂಪಾಯಿ ದಾಟಿತ್ತು. ರೈತರು ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ಆಗಸ್ಟ್ 10ರಂದು ಹಣಕಾಸು ಸಚಿವೆ ಲೋಕಸಭೆಯಲ್ಲಿ ಎದ್ದುನಿಂತು ನೇಪಾಳದಿಂದ ಟೊಮೆಟೊ ತರಿಸುತ್ತಿದ್ದೇವೆ ಎಂದರು. ಕೋಲಾರದ ಹೊಲಕ್ಕೆ ನೇಪಾಳದ ಹೊಲ ಎದುರಾಳಿಯಾಗಿ ನಿಂತ ಆ ದಿನ ಮಂಡಿಯಲ್ಲಿ ಹಮಾಲಿಗಳೂ ವಿದೇಶಾಂಗ ನೀತಿ ಮಾತಾಡುತ್ತಿದ್ದರು. ಶಾಲು ಯಾರೂ ಹೊದ್ದಿರಲಿಲ್ಲ, ಹೆಗಲ ಮೇಲೆ ಟವೆಲು ಇತ್ತು ಅಷ್ಟೆ.

ಇನ್ನು ಮಾವು. ನಮ್ಮದು ಆಂಧ್ರಕ್ಕೂ ತಮಿಳುನಾಡಿಗೂ ಅಂಟಿಕೊಂಡ ಜಿಲ್ಲೆ, ನಂಗಲಿ ದಾಟಿದರೆ ಚಿತ್ತೂರು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಮಾವಿಗೆ ಬಾಗಿಲು ಹಾಕಿತು. ಶ್ರೀನಿವಾಸಪುರದ ಹಣ್ಣು ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿಕೊಂಡದ್ದು. ಚೆಕ್‌ಪೋಸ್ಟಿನಲ್ಲಿ ಪಾಸ್‌ಪೋರ್ಟಿಲ್ಲದ ಹಣ್ಣನ್ನು ಹಿಂದಕ್ಕೆ ಕಳಿಸಿದರು. ನಮ್ಮ ಮುಖ್ಯಮಂತ್ರಿಗಳೇ ಅಲ್ಲಿನ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ಗಡಿ, ನಿರ್ಬಂಧ, ಪತ್ರ ವ್ಯವಹಾರ, ಬೀದಿಗೆ ಬಿದ್ದ ರೈತ: ಒಂದು ಪಠ್ಯಕ್ರಮಕ್ಕೆ ಇನ್ನೇನು ಬೇಕು? ಕೇಂದ್ರ ಸುಮ್ಮನೆ ಕುಳಿತಿರಲಿಲ್ಲ ಬಿಡಿ. ‘ದಕ್ಷಿಣ ಚೀನಾ ಸಮುದ್ರದಲ್ಲಿ ಸರಕುಗಳ ಮುಕ್ತ ಸಂಚಾರ’ ಎಂಬ ವಿಚಾರ ಸಂಕಿರಣ ನಡೆಸಿತು. ಮಧ್ಯಾಹ್ನದ ಊಟಕ್ಕೆ ಮಾವಿನ ಸೀಕರಣೆ ಇತ್ತು. ಹಣ್ಣು ಅಗ್ಗವಾಗಿ ಸಿಕ್ಕಿತಂತೆ.

ತಡೆಯಲಾರದೆ ನಾನು ನಿರ್ದೇಶಕರನ್ನು ಕಾಣಲು ಹೋದೆ. ಸಜ್ಜನರು. ಕಾಫಿ ತರಿಸಿದರು. ಟೊಮೆಟೊ ಮತ್ತು ಬಾಂಗ್ಲಾದ ವಿಷಯ ಎತ್ತಿದೆ. “ಅದು ತೋಟಗಾರಿಕೆಯವರ ವ್ಯಾಪ್ತಿ, ಸಾರ್” ಎಂದರು. ಮಾವು? “ಅದು ಮಾರುಕಟ್ಟೆ ಸಮಿತಿಯವರದು.” ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಜಿಎಫ್‌ಗೆ ಬಂದು ಚಿನ್ನ ಅಗೆದದ್ದು? “ಇತಿಹಾಸ ವಿಭಾಗ.”

ಆಮೇಲೆ ನನ್ನ ಬತ್ತಳಿಕೆಯ ಕೊನೆಯ ಬಾಣ ತೆಗೆದೆ. 1965ರಲ್ಲಿ ಇದೇ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಒಟ್ಟಿಗೆ ಕುಳಿತು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಜಗತ್ತಿನಲ್ಲಿ ಮೊದಲು ಅದನ್ನು ಕಂಡ ಎರಡು ತಂಡಗಳಲ್ಲಿ ಅದೊಂದು, ಇನ್ನೊಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿತ್ತು. ಮೂರು ದೇಶಗಳ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯ ಹೊಟ್ಟೆಯೊಳಗೇ ಇತ್ತಲ್ಲ ಸ್ವಾಮಿ, ಗಣಿಯನ್ನು 2001ರಲ್ಲಿ ಮುಚ್ಚಿದ್ದರಿಂದ ನೆನಪೂ ಮುಚ್ಚಿಹೋಯಿತೇ ಎಂದೆ.

ನಿರ್ದೇಶಕರು ಯೋಚಿಸಿದರು. “ನ್ಯೂಟ್ರಿನೊ ಎಂದರೆ ಏನು?”

ಯಾವುದಕ್ಕೂ ತಾಗದೆ, ಯಾರಿಗೂ ಏನೂ ಮಾಡದೆ, ಎಲ್ಲರ ಮೈಯೊಳಗಿಂದಲೂ ಹಾದುಹೋಗುವ ಕಣ, ಕೋಟಿಗೊಂದು ಸಲ ಎಲ್ಲೋ ಡಿಕ್ಕಿ ಹೊಡೆದರೆ ಸುದ್ದಿಯಾಗುತ್ತದೆ ಎಂದು ವಿವರಿಸಿದೆ. ಹೇಳುತ್ತಿರುವಾಗಲೇ ಪಕ್ಕದ ಸಭಾಂಗಣದಿಂದ ವಂದನಾರ್ಪಣೆ ಕೇಳಿಸುತ್ತಿತ್ತು. “ಅದು ಭೌತಶಾಸ್ತ್ರ ವಿಭಾಗಕ್ಕೆ ಸೇರುತ್ತದೆ ಸಾರ್” ಎಂದರು ನಿರ್ದೇಶಕರು, ಬಹಳ ವಿನಯದಿಂದ. ಹಾಗಾದರೆ ನಿಮ್ಮ ಕೇಂದ್ರಕ್ಕೆ ಸೇರಿದ್ದು ಯಾವುದು ಎಂದು ಕೇಳಿದೆ. ಅವರು ಕಪಾಟು ತೆರೆದು ಹೊಸ ವಾರ್ತಾಪತ್ರದ ಹತ್ತು ಪ್ರತಿಗಳನ್ನು ನನ್ನ ಕೈಗಿತ್ತರು. ಕಪಾಟಿನಲ್ಲಿ ಇನ್ನೂ ಸಾವಿರವಿದ್ದವು. ಹಂಚಲು ಜನ ಸಾಲದೆ ಉಳಿದುಬಿಡುತ್ತವೆ, ವರ್ಷಕ್ಕೊಮ್ಮೆ ರದ್ದಿಗೆ ಹಾಕುತ್ತೇವೆ ಎಂದು ಸಂಕೋಚದಿಂದ ಹೇಳಿದರು.

ಮೊನ್ನೆ ಬೆಳಗಿನ ಜಾವ ಮಂಡಿಗೆ ಹೋದಾಗ ಕೋಲ್ಕತ್ತದ ಕಡೆ ಹೊರಡುವ ಲಾರಿಗೆ ಮಾಲು ತುಂಬುತ್ತಿದ್ದರು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದ ಮಿಂಚುತ್ತಿತ್ತು. ಬಗ್ಗಿ ನೋಡಿದೆ. ಟೊಮೆಟೊಗಳ ಸಂದಿಯಿಂದ ಮೈಸೂರು ಪೇಟ ತೊಟ್ಟ ಆ ಸೈಕಲ್ ಹುಡುಗನ ಮುಖ ಕಾಣಿಸಿತು. ಪಕ್ಕದ ಪೆಟ್ಟಿಗೆಯಲ್ಲಿ ದೀಪ ಹಚ್ಚುವವರಿದ್ದರು, ಅದರಾಚೆ ನಂದಿಬೆಟ್ಟದ ಮಂಜು. ಇದೆಲ್ಲ ಬಾಂಗ್ಲಾಕ್ಕೋ ಎಂದು ಕೇಳಿದೆ.

“ಹೌದು ಮೇಷ್ಟ್ರೇ, ಗೇಟು ತೆರೆದಿದ್ದರೆ ನಾಲ್ಕು ದಿನದಲ್ಲಿ ಆಚೆಗೆ” ಎಂದ ಶಿಷ್ಯ. ಆಮೇಲೆ ದನಿ ತಗ್ಗಿಸಿ, “ನಿಮಗೆ ಆ ಕೇಂದ್ರದವರ ಪರಿಚಯವಿದೆಯಂತಲ್ಲ, ಒಂದು ಮಾತು ಹೇಳಿ. ಈ ನುಣುಪು ಕಾಗದ ನೀರು ಹೀರುವುದಿಲ್ಲ, ಹಣ್ಣು ಬೆವರಿ ಬೇಗ ಕೆಡುತ್ತದೆ. ಮುಂದಿನ ಸಲ ಮಾಮೂಲಿ ಕಾಗದದಲ್ಲೇ ಅಚ್ಚು ಹಾಕಿಸಲಿ” ಎಂದ.