ಆರ್‌ಓ ಪೈಪು ಎಲ್ಲಿಗೆ ಬಿಟ್ಟಿದ್ದೀರಿ?

ಈಗಷ್ಟೇ ಮೂರನೇ ಮಹಡಿಯ ಮನೆಗೆ ಹೋಗಿ ಅರಿಶಿನ ಕುಂಕುಮ ತಗೊಂಡು ಬಂದೆ. ತಾಂಬೂಲ ಇನ್ನೂ ಟೇಬಲ್ ಮೇಲಿದೆ, ತಲೆ ಮಾತ್ರ ಕಾದಿದೆ. ಇಲ್ಲಿ ಬರೆದು ಹಾಕಿಬಿಡುತ್ತೇನೆ. ಇಲ್ಲದಿದ್ದರೆ ರಾತ್ರಿ ಊಟದ ಹೊತ್ತಿಗೆ ನಮ್ಮನೆಯವರ ಮೇಲೆ ರೇಗುತ್ತೇನೆ, ಪಾಪ ಅವರದೇನೂ ಇಲ್ಲ ಇದರಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಆ ಮನೆಯ ಹುಡುಗಿ ಬಹಳ ಒಳ್ಳೆಯವಳು. ಹಸಿ ಕಸಕ್ಕೆ ಬಾಲ್ಕನಿಯಲ್ಲಿ ಕುಂಡ ಇಟ್ಟು ಗೊಬ್ಬರ ಮಾಡುತ್ತಾಳೆ. ಕೋಸಂಬರಿ ಕೊಟ್ಟಿದ್ದು ಅಡಿಕೆ ಹಾಳೆಯ ದೊನ್ನೆಯಲ್ಲಿ. ತಾಂಬೂಲದ ಚೀಲ ಹಳೇ ಸೀರೆಯಲ್ಲಿ ಹೊಲಿಸಿದ್ದು. ಹಲ್ಲುಜ್ಜುವ ಬ್ರಷ್ಷೂ ಬಿದಿರಿನದೇ, ತೋರಿಸಿದಳು. ಎಲ್ಲದಕ್ಕೂ ಭೇಷ್ ಅಂದೆ, ಮನಸ್ಸಿನಿಂದಲೇ ಅಂದೆ. ಆಮೇಲೆ ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಹೋದೆ ನೋಡಿ.

ಗೋಡೆಯ ಮೇಲೆ ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಮಷಿನ್. ಅದರಿಂದ ಇಳಿದ ತೆಳ್ಳನೆಯ ಬಿಳಿ ಪೈಪು ಸಿಂಕಿನ ಜಾಲರಿಯೊಳಗೆ ತಲೆ ತೂರಿಸಿಕೊಂಡು ಸುರಿಸುತ್ತಿದೆ. ದೊಡ್ಡ ಧಾರೆಯೇನಲ್ಲ. ಸದ್ದೂ ಇಲ್ಲ. ಅದೇ ಹೊತ್ತಿಗೆ ಕೆಳಗೆ ಟ್ಯಾಂಕರ್ ಬಂದು ನಮ್ಮ ಸಂಪಿಗೆ ನೀರು ಬಿಡುತ್ತಿತ್ತು, ಅದರ ಮೋಟಾರಿನ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಕೆಳಗೆ ದುಡ್ಡು ಕೊಟ್ಟು ತುಂಬಿಸೋದು, ಮೇಲೆ ಪೈಪಿನಲ್ಲಿ ಮೋರಿಗೆ ಬಿಡೋದು.

"ಇದರ ಕೆಳಗೆ ಒಂದು ಬಕೆಟ್ ಇಡಬಾರದೇನಮ್ಮಾ?" ಅಂದೆ.

"ಅದು ಕೊಳೆ ನೀರಲ್ವಾ ಆಂಟಿ? ಏನಕ್ಕೆ ಬರುತ್ತೆ?" ಅಂದಳು.

ಕೊಳೆ ನೀರು! ಈ ತಪ್ಪು ತಿಳಿವಳಿಕೆ ಅವಳೊಬ್ಬಳದೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಓದಿದವರು, ಎಂಜಿನಿಯರುಗಳು ಕೂಡ ಇದನ್ನೇ ಹೇಳುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಆ ಪೈಪಿನಲ್ಲಿ ಬರೋದು ನಿಮ್ಮ ಬಾತ್‌ರೂಮಿನ ನಲ್ಲಿಯಲ್ಲಿ ಬರುವ ಅದೇ ನೀರು. ಮಷಿನ್ನಿನೊಳಗೆ ಹೋಗಿ, ಮಣ್ಣು ತಡೆಯುವ ಫಿಲ್ಟರ್ ದಾಟಿ, ಕಾರ್ಬನ್ ಫಿಲ್ಟರ್ ದಾಟಿ, ಕೊನೆಗೆ ಉಪ್ಪು ತಡೆಯುವ ಪೊರೆಯ ಹತ್ತಿರ ಹೋಗಿ ವಾಪಸ್ ಬಂದಿದೆ. ಕಸದ ಲೆಕ್ಕಕ್ಕೆ ನೋಡಿದರೆ ನಲ್ಲಿ ನೀರಿಗಿಂತ ಅದೇ ಶುಚಿ. ಉಪ್ಪಿನಂಶ ಮಾತ್ರ ಜಾಸ್ತಿ. ಎಷ್ಟು ಜಾಸ್ತಿ? ಮಾಮೂಲಿ ಮನೆ ಮಷಿನ್ 1 ಲೀಟರ್ ಕುಡಿಯುವ ನೀರು ಕೊಟ್ಟರೆ ಸುಮಾರು 3 ಲೀಟರ್ ಹೊರಗೆ ಬಿಡುತ್ತದೆ. ಅಂದರೆ 4 ಲೀಟರಿನಲ್ಲಿದ್ದ ಉಪ್ಪೆಲ್ಲ 3 ಲೀಟರಿಗೆ ಸೇರಿಕೊಂಡಿದೆ, ಅಷ್ಟೇ. ನಿಮ್ಮ ಟ್ಯಾಂಕರ್ ನೀರಿನ ಟಿಡಿಎಸ್ (ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಅನ್ನೋ ಅಳತೆ) 900 ಇದ್ದರೆ ಪೈಪಿನ ನೀರಿನದು 1,200ರ ಹತ್ತಿರ. 900ರ ನೀರಿನಲ್ಲಿ ತಲೆ ಸ್ನಾನ ಮಾಡುತ್ತೀರಿ, 1,200ರ ನೀರಿನಲ್ಲಿ ನೆಲ ಒರೆಸೋಕಾಗಲ್ಲ?

ಈಗ ಲೆಕ್ಕ. ನಾಲ್ಕು ಜನರ ಮನೆಯಲ್ಲಿ ಕುಡಿಯೋಕೆ, ಅಡುಗೆಗೆ, ಬಾಟಲಿಗೆ ಅಂತ ದಿನಕ್ಕೆ 20 ಲೀಟರ್ ಇಟ್ಟುಕೊಳ್ಳಿ. ಹೊರಗೆ ಹೋಗಿದ್ದು 60 ಲೀಟರ್. ನೂರು ಮನೆಯ ಅಪಾರ್ಟ್‌ಮೆಂಟಾದರೆ ದಿನಕ್ಕೆ 6,000 ಲೀಟರ್. 6,000 ಲೀಟರ್ ಅಂದರೆ ಏನು ಗೊತ್ತಲ್ವಾ? ಒಂದು ಸಣ್ಣ ಟ್ಯಾಂಕರ್. 2024ರ ಮಾರ್ಚಿನಲ್ಲಿ ಬೆಂಗಳೂರಿನ ನೀರಿನ ಬರ ನೆನಪಿದೆಯಾ? ಜಿಲ್ಲಾಡಳಿತ ಕೂತು 6,000 ಲೀಟರಿಗೆ, 5 ಕಿಲೋಮೀಟರ್ ಒಳಗಾದರೆ 600 ರೂಪಾಯಿ ಅಂತ ದರ ಕಟ್ಟಿತ್ತು. ಆ ದರ ಪೇಪರಿನಲ್ಲಿ ಓದೋಕೆ ಚೆನ್ನಾಗಿತ್ತು ಬಿಡಿ. ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು. ನಲ್ಲಿಗೆಲ್ಲ ನೀರು ಕಡಿಮೆ ಬೀಳಿಸುವ ಏರೇಟರ್ ಹಾಕಿಸಿ ಅಂದಿತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆಗ ದಿನಾ ಕುರುಕ್ಷೇತ್ರ. ಯಾರ ಕಾರು ಯಾರು ತೊಳೆದರು, ಯಾವ ಮನೆಯ ಫ್ಲಶ್ ಸೋರುತ್ತಿದೆ, ಎಲ್ಲ ಫೋಟೋ ಸಮೇತ. ಈ ಬಿಳಿ ಪೈಪಿನ ಬಗ್ಗೆ ಒಬ್ಬರೂ ಒಂದಕ್ಷರ ಹಾಕಲಿಲ್ಲ. ನಾನು ಹಾಕಿದೆ. ಮೂರು ಥಮ್ಸ್‌ಅಪ್ ಬಂತು. ಅದರಲ್ಲಿ ಒಂದು ನಮ್ಮನೆಯವರದು.

ನಾನು ಕೋಲಾರದ ಕಡೆಯವಳು ಅಂತ ನಿಮಗೆಲ್ಲ ಗೊತ್ತು. ಸಾವಿರ ಅಡಿ ದಾಟಿದ ಬೋರ್‌ವೆಲ್ಲು, ಅದರಲ್ಲೂ ಫ್ಲೋರೈಡು. ಅದರಿಂದಲೇ ನಮ್ಮ ದೊಡ್ಡಮ್ಮನ ಹಲ್ಲಿನ ಮೇಲೆ ಕಂದು ಪಟ್ಟೆ ಇತ್ತು, ಕೊನೆತನಕ ನಗುವಾಗ ಸೆರಗು ಅಡ್ಡ ಹಿಡಿಯುತ್ತಿದ್ದರು. ಹಾಗಾಗಿ ನಾನು ಆರ್‌ಓ ವಿರೋಧಿಯಲ್ಲ, ಯಾರೂ ಆ ಕಡೆಯಿಂದ ಶುರು ಮಾಡಬೇಡಿ. ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದು ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ಹಾಗಾಗಿದ್ದು ದೊಡ್ಡ ಉಪಕಾರ. ಫ್ಲೋರೈಡ್ ತೆಗೆಯೋಕೆ ಆರ್‌ಓನಂಥದ್ದು ಬೇಕು, ಬರೀ ಕುದಿಸಿದರೆ ಅದು ಹೋಗಲ್ಲ.

ಆದರೆ ಕಾವೇರಿ ನೀರು ಬರುವ ಮನೆಗಳಲ್ಲಿ ಯಾಕ್ರೀ ಆರ್‌ಓ? ಇದು ನನಗೆ ನಿಜವಾಗಲೂ ಅರ್ಥವಾಗದ ವಿಷಯ. ಜಯನಗರದಲ್ಲಿರುವ ನನ್ನ ಸ್ನೇಹಿತೆ (ಓದುತ್ತಿದ್ದೀಯಾ, ಗೊತ್ತು) ದಿನ ಬಿಟ್ಟು ದಿನ ಕಾವೇರಿ ಬರುವ ಮನೆಯಲ್ಲಿ ಇಪ್ಪತ್ತು ಸಾವಿರದ ಮಷಿನ್ ಹಾಕಿಸಿದ್ದಾಳೆ. ಕಾವೇರಿ ನೀರಿನ ಟಿಡಿಎಸ್ 500ಕ್ಕಿಂತ ಎಷ್ಟೋ ಕೆಳಗೆ. 500ರವರೆಗೆ ಯಾವ ತಕರಾರೂ ಇಲ್ಲ ಅಂತ ಕುಡಿಯುವ ನೀರಿನ ಭಾರತೀಯ ಮಾನಕವೇ ಹೇಳುತ್ತದೆ. 2019ರಲ್ಲಿ ಹಸಿರು ನ್ಯಾಯಮಂಡಳಿ, 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಿ, ಉಳಿದ ಕಡೆ ನೂರಕ್ಕೆ ಕನಿಷ್ಠ 60 ಭಾಗ ನೀರು ಕುಡಿಯೋಕೆ ಸಿಗುವ ಹಾಗೆ ಮಾಡಿ ಅಂತ ಕೇಂದ್ರಕ್ಕೆ ಹೇಳಿತ್ತು. ಕ್ರಿಮಿಯ ಭಯವಿದ್ದರೆ ಯುವಿ (ಅತಿನೇರಳೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಮಷಿನ್) ಸಾಕು, ಅದು ಒಂದು ಹನಿಯನ್ನೂ ಹೊರಗೆ ಹಾಕಲ್ಲ. ಕಾವೇರಿ ನೀರು ಬರೋದಾದರೂ ಎಲ್ಲಿಂದ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಿ ತರುತ್ತಾರೆ. ಅದರ ಕರೆಂಟಿನ ಖರ್ಚು ಊಹೆ ಮಾಡಿ. ಅಷ್ಟು ಕಷ್ಟಪಟ್ಟು ಬಂದ ನೀರಿನಲ್ಲಿ ಮಷಿನ್ನಿಗೆ ಹೋದದ್ದರ ಮುಕ್ಕಾಲು ಭಾಗ ನಮ್ಮ ಸ್ನೇಹಿತೆಯ ಸಿಂಕಿನಲ್ಲಿ ಇಳಿದು ಹೋಗುತ್ತದೆ.

ಅವಳಿಗೆ ಆ ಮಷಿನ್ ಮಾರಿದ ಹುಡುಗನ ಆಟ ನಾನೂ ನೋಡಿದ್ದೇನೆ, ನಮ್ಮನೆಗೂ ಒಬ್ಬ ಬಂದಿದ್ದ. ಎರಡು ಗಾಜಿನ ಲೋಟ ಕೇಳುತ್ತಾನೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಓ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಸ್ವಿಚ್ ಹಾಕುತ್ತಾನೆ. ಒಂದೇ ನಿಮಿಷ, ನಿಮ್ಮ ನೀರು ಕಂದಾಗಿ, ಕಪ್ಪಾಗಿ, ಗಷ್ಟು ತೇಲುತ್ತದೆ. ಅವನ ನೀರು ತಿಳಿಯಾಗಿ ಹಾಗೇ ಇರುತ್ತದೆ. "ನೋಡಿ ಮೇಡಂ, ಇದನ್ನೇ ಮಕ್ಕಳಿಗೆ ಕುಡಿಸ್ತಿದ್ದೀರಿ" ಅಂತಾನೆ. ಆ ಗಷ್ಟು ನಿಮ್ಮ ನೀರಿನದಲ್ಲ ಕಣ್ರೀ, ಅವನ ಕಡ್ಡಿಯದು! ನೀರಿನಲ್ಲಿ ಉಪ್ಪಿನಂಶ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಆರ್‌ಓ ನೀರಿನಲ್ಲಿ ಉಪ್ಪು ಕಡಿಮೆ, ಕರೆಂಟ್ ಸರಿಯಾಗಿ ಹರಿಯಲ್ಲ, ಕಡ್ಡಿ ಕರಗಲ್ಲ. ಅವನ ತಿಳಿ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಹಾಕು ಅಂದೆ. ಹುಡುಗ ಬ್ಯಾಗ್ ಕಟ್ಟಿಕೊಂಡ. ನನ್ನ ಜೀವನದ ದೊಡ್ಡ ಗೆಲುವುಗಳಲ್ಲಿ ಅದೂ ಒಂದು, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಇಷ್ಟು ಬರೆಯುವಾಗಲೇ ಕಾಮೆಂಟಿನಲ್ಲಿ ಏನು ಬರುತ್ತೆ ಅಂತ ನನಗೆ ಗೊತ್ತಾಗುತ್ತಿದೆ. "ಮೇಡಂ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ (ಮೋರಿ ನೀರು ಶುದ್ಧ ಮಾಡುವ ಘಟಕ) ಇದೆ, ಮೋರಿಗೆ ಹೋಗಿದ್ದೂ ಶುದ್ಧವಾಗಿ ಫ್ಲಶ್ಶಿಗೆ ಬರುತ್ತೆ, ವ್ಯರ್ಥ ಹೇಗಾಯ್ತು?" ಬಹಳ ಜಾಣರು. ಒಳ್ಳೆಯ ನೀರನ್ನು ಮೊದಲು ಮಲದ ನೀರಿನ ಜೊತೆ ಬೆರೆಸೋದು, ಆಮೇಲೆ ಹಗಲೂ ರಾತ್ರಿ ಗಾಳಿ ಊದುವ ಬ್ಲೋವರ್ ಓಡಿಸಿ ಅದನ್ನು ಬೇರೆ ಮಾಡೋದು, ಅದರ ಕರೆಂಟ್ ಬಿಲ್ಲು ಮೇಂಟೆನೆನ್ಸಿನಲ್ಲಿ ಬಂದಾಗ ಸಭೆಯಲ್ಲಿ ಕೂಗಾಡೋದು. ಅದೂ ಅಲ್ಲದೆ ಎಸ್‌ಟಿಪಿ ಕೊಳೆ ತೆಗೆಯುತ್ತದೆ, ಕರಗಿದ ಉಪ್ಪು ತೆಗೆಯಲ್ಲ.

ಇನ್ನೊಬ್ಬರು ಕೆ.ಸಿ. ವ್ಯಾಲಿ ನೆನಪಿಸುತ್ತಾರೆ. ಬೆಂಗಳೂರಿನ ಚರಂಡಿ ನೀರು ಸಂಸ್ಕರಿಸಿ ನಿಮ್ಮ ಕೋಲಾರಕ್ಕೇ ತಾನೇ ಬರೋದು, ಖುಷಿ ಪಡಿ ಅಂತ. ಹೌದು, 2018ರಲ್ಲಿ ಲಕ್ಷ್ಮಿಸಾಗರ ಕೆರೆಗೆ ಮೊದಲು ಬಂತು. ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲಿ ನೀರು ಕಂಡಿದ್ದೇವೆ, ಸುಳ್ಳಲ್ಲ. ಆದರೆ ಬರುವುದು ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರು. ಮೂರನೇ ಹಂತವನ್ನೂ ಮಾಡಿ ಕಳಿಸಿ ಅಂತ ನಮ್ಮ ಕಡೆಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ನೀವು ಸಿಂಕಿಗೆ ಬಿಟ್ಟು ನಮಗೆ ಉಪಕಾರ ಮಾಡೋದು ಬೇಡ, ಆ ನೀರಿನಲ್ಲಿ ನಿಮ್ಮ ನೆಲ ಒರೆಸಿಕೊಳ್ಳಿ ಸಾಕು.

ಮೂರನೆಯವರು ದೊಡ್ಡ ಮಾತಾಡುವವರು. "ಜಲಮಂಡಳಿ ಪೈಪಿನಲ್ಲೇ ಕಾಲು ಭಾಗದಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತೆ, ನಿಮ್ಮ ಒಂದು ಬಕೆಟ್ಟಿನಿಂದ ಏನಾಗುತ್ತೆ?" ಸೋರಿಕೆಯ ಮಾತು ನಿಜ. ಅದರ ಬಗ್ಗೆ ಜಗಳ ಮಾಡಿ, ಅರ್ಜಿ ಹಾಕಿ, ನಾನೂ ಸಹಿ ಹಾಕುತ್ತೇನೆ. ಆದರೆ ಈ ವಾದ ಮಾಡುವವರು ಯಾವತ್ತೂ ಅರ್ಜಿಯನ್ನೂ ಹಾಕಲ್ಲ, ಬಕೆಟ್ಟನ್ನೂ ಇಡಲ್ಲ. ಅದನ್ನು ತೋರಿಸಿ ಇದನ್ನು ತಪ್ಪಿಸಿಕೊಳ್ಳುತ್ತಾರೆ, ಇದನ್ನು ತೋರಿಸಿ ಅದನ್ನು.

ಅಸಲಿ ಕಾರಣ ಬೇರೆಯೇ ಇದೆ, ನನಗೆ ಗೊತ್ತು. ಬಕೆಟ್ ಇಡೋದು ಕಷ್ಟವಲ್ಲ, ತುಂಬಿದ ಬಕೆಟ್ ಎತ್ತೋದು ಯಾರು ಅನ್ನೋದು ಪ್ರಶ್ನೆ. ಎಷ್ಟೋ ಮನೆಯಲ್ಲಿ ಗಂಡ ಪರಿಸರದ ಮೇಲೆ ಭಾಷಣ ಮಾಡುತ್ತಾನೆ, ಬಕೆಟ್ ಎತ್ತಿ ಸೊಂಟ ಹಿಡಿಸಿಕೊಳ್ಳೋದು ಹೆಂಡತಿ, ಇಲ್ಲಾಂದ್ರೆ ಕೆಲಸದವರು. ನಮ್ಮನೆಯಲ್ಲಿ ಕೆಲಸಕ್ಕೆ ಬರುವಾಕೆ ಮೊದಲ ವಾರವೇ ಹೇಳಿದಳು, "ಅಕ್ಕಾ, ಇಷ್ಟು ದೊಡ್ಡ ಬಕೆಟ್ ನಾನು ಎತ್ತಲ್ಲ." ಸರಿಯಾಗಿಯೇ ಹೇಳಿದಳು. ಪೈಪನ್ನು ಉದ್ದ ಮಾಡಿಸಿ ಯುಟಿಲಿಟಿಗೆ ಒಯ್ದು, ಅಲ್ಲಿ ಕೆಳಗೆ ನಲ್ಲಿ ಇರುವ ಡ್ರಮ್ ಇಟ್ಟೆವು. ಈಗ ಮಗ್ಗಿನಲ್ಲಿ ಬೇಕಾದಷ್ಟು ಹಿಡಿದುಕೊಳ್ಳೋದು. ಡ್ರಮ್ಮಿನ ಒಳಗೆ ನೀರು ನಿಲ್ಲುವ ಮಟ್ಟಕ್ಕೆ ಸುತ್ತಲೂ ಒಂದು ಬಿಳಿ ಪಟ್ಟೆ ಕಟ್ಟಿದೆ, ಉಗುರಿನಿಂದ ಕೆರೆದರೆ ಸುಣ್ಣದ ಪುಡಿ. ಅದನ್ನು ನೋಡಿದಾಗ ಇಷ್ಟು ಗಡಸು ನೀರಿನಲ್ಲೇ ನಾವು ಸ್ನಾನ ಮಾಡ್ತಿದ್ದೀವಲ್ಲ ಅಂತ ಬೇಜಾರಾಗುತ್ತದೆ, ಅದು ಬೇರೆ ಕಥೆ.

ಇನ್ನೊಂದು ಮಾತು ಹೇಳಲೇಬೇಕು. ಭೂಮಿ ತಾಯಿ, ಮುಂದಿನ ಪೀಳಿಗೆ ಅಂತೆಲ್ಲ ಯೋಚನೆ ಮಾಡಿ ನಾನು ಈ ನೀರು ಹಿಡಿಯುತ್ತಿಲ್ಲ. ನನಗೆ ಹೊಟ್ಟೆ ಉರಿಯುತ್ತೆ, ಅದಕ್ಕೆ ಹಿಡಿಯುತ್ತೇನೆ. ಬೋರ್ ಪಂಪಿನ ಮುಂದೆ ಬಿಂದಿಗೆ ಸಾಲಿನಲ್ಲಿಟ್ಟು, ಕರೆಂಟ್ ಬರುತ್ತೋ ಇಲ್ವೋ ಅಂತ ಕಾಯುತ್ತಾ ಬೆಳೆದವಳು ನಾನು. ಸುಮ್ಮನೆ ಹರಿಯುವ ನೀರು ಕಂಡರೆ ಇವತ್ತಿಗೂ ಕೈ ತಡೆಯಲ್ಲ. ಹೋಟೆಲಿನಲ್ಲಿ ಬೇರೆಯವರ ನಲ್ಲಿ ನಿಲ್ಲಿಸಿ ಮಗಳ ಹತ್ತಿರ ಬೈಸಿಕೊಂಡಿದ್ದೇನೆ. ಜಿಪುಣಿ ಅನ್ನಿ, ಪರವಾಗಿಲ್ಲ.

ಸರಿ, ಮೂರನೇ ಮಹಡಿಯ ಹುಡುಗಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ನೀರು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ, ಜಿಡ್ಡಿನ ಪಾತ್ರೆ ನೆನೆಸೋಕೆ, ಬಾಲ್ಕನಿ ತೊಳೆಯೋಕೆ, ಕಾಲೊರೆಸುವ ಬಟ್ಟೆ ಒಗೆಯೋಕೆ ಬರುತ್ತದೆ. ಬೋರ್ ಅಥವಾ ಟ್ಯಾಂಕರ್ ನೀರಾದರೆ ಗಿಡಕ್ಕೆ ಹಾಕಬೇಡಿ. ಕುಂಡದ ಮಣ್ಣಿನಲ್ಲಿ ಉಪ್ಪು ಕೂತು ಎಲೆಯ ಅಂಚು ಸುಡುತ್ತದೆ. ಪರಿಸರ ಉಳಿಸೋಕೆ ಹೋಗಿ ತುಳಸಿ ಗಿಡ ಸಾಯಿಸಿಕೊಂಡವರು ನಮ್ಮ ಬ್ಲಾಕಿನಲ್ಲೇ ಇದ್ದಾರೆ. ಕಾವೇರಿ ನೀರಾದರೆ ಗಿಡಕ್ಕೂ ಧಾರಾಳವಾಗಿ ಹಾಕಿ (ಸ್ನೇಹಿತೆ, ನಿನಗೇ ಹೇಳ್ತಿರೋದು). ಫ್ಲೋರೈಡ್ ಇರುವ ಊರಿನವರು ಹಸುಗಳಿಗೆ ಕುಡಿಸಬೇಡಿ.

ಪೈಪು ಕಾಲಿಂಚಿನದು, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎಲ್ಲೂ ಮಡಚಿಕೊಳ್ಳದ ಹಾಗೆ ಎಳೆಯಿರಿ. ಪೈಪಿನ ತುದಿ ಡ್ರಮ್ಮಿನ ನೀರಿನಲ್ಲಿ ಮುಳುಗಬಾರದು. ಡ್ರಮ್ ಆಗಾಗ ಖಾಲಿ ಮಾಡುತ್ತಿದ್ದರೆ ಚೆಲ್ಲುತ್ತೆ ಅನ್ನುವ ಭಯ ಬೇಡ, ಮಷಿನ್ನಿನ ಟ್ಯಾಂಕ್ ತುಂಬಿದ ಕೂಡಲೇ ಈ ಪೈಪೂ ನಿಲ್ಲುತ್ತದೆ. 8 ಲೀಟರ್ ಟ್ಯಾಂಕಾದರೆ ಪೂರ್ತಿ ಖಾಲಿಯಿಂದ ತುಂಬುವಾಗ ಹೊರಗೆ ಬರೋದು 24 ಲೀಟರ್ ಆಸುಪಾಸು.

ಮೊದಲು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಷಿನ್ ಓಡುವಾಗ ಹತ್ತು ನಿಮಿಷ ಪೈಪಿನ ನೀರು ಒಂದು ಪಾತ್ರೆಗೆ ಹಿಡಿಯಿರಿ, ಅಷ್ಟೇ ಹೊತ್ತಿನಲ್ಲಿ ಬಂದ ಕುಡಿಯುವ ನೀರನ್ನು ಇನ್ನೊಂದಕ್ಕೆ. ಎರಡನ್ನೂ ಅಳೆಯಿರಿ. ಒಂದಕ್ಕೆ ಐದು, ಆರು ಬರುತ್ತಿದ್ದರೆ ಪೊರೆ ಹಳೆಯದಾಗಿರಬಹುದು, ಸರ್ವೀಸಿನವರನ್ನು ಕರೆಸಿ. ಬಕೆಟ್ಟಿನ ಫೋಟೋ ಹಾಕಿ ಹ್ಯಾಶ್‌ಟ್ಯಾಗ್ ಮಾಡೋದು ಬೇಡ. ನಿಮ್ಮ ಮನೆಯ ಲೆಕ್ಕ ಒಂದಕ್ಕೆಷ್ಟು ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ನಮ್ಮನೆಯದು ಒಂದಕ್ಕೆ ಮೂರೂವರೆ.