ಸತ್ಯಾಂಶ: ರಿಪೋರ್ಟ್ ನಾರ್ಮಲ್ ಬಂದರೆ ಹೊಟ್ಟೆನೋವು ಸುಳ್ಳಾ?

ದಾವಣಗೆರೆಯ ನಮ್ಮ ಓಣಿ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್ ಇದು: 'ಎಂಡೋಸ್ಕೋಪಿ ನಾರ್ಮಲ್ ಅಂದರೆ ಹೊಟ್ಟೆಯಲ್ಲಿ ಏನೂ ಇಲ್ಲ, ಎಲ್ಲಾ ಮನಸ್ಸಿನ ಭ್ರಮೆ. ದಿನಾ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಕುಡಿಯಿರಿ.' ಎರಡೂ ತಪ್ಪು.

ಎಂಡೋಸ್ಕೋಪಿ ಹುಣ್ಣು, ಊತ, ಗಡ್ಡೆ ತೋರಿಸುತ್ತದೆ. ಕರುಳು ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವುದಿಲ್ಲ. ಐಬಿಎಸ್‌ನಲ್ಲಿ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳಿನ ಕೆಲಸ ಹದ ತಪ್ಪಿ ಪದೇ ಪದೇ ಹೊಟ್ಟೆನೋವು ಬರುವ ತೊಂದರೆ) ಏರುಪೇರಾಗುವುದು ಅದೇ. ಕರುಳಿಗೂ ಮೆದುಳಿಗೂ ನಡುವೆ ನರಗಳ ಮೂಲಕ ನಡೆಯುವ ಮಾತುಕತೆ ಹದ ತಪ್ಪುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಐಬಿಎಸ್ ಇದ್ದವರಿಗೆ ನಿಜವಾಗಿಯೂ ನೋಯುತ್ತದೆ. ಇದನ್ನು ಗುರುತಿಸಲು ತಜ್ಞ ವೈದ್ಯರು ಒಪ್ಪಿಕೊಂಡ 2016ರ 'ರೋಮ್-4' ಎಂಬ ಮಾನದಂಡಗಳಿವೆ: ತೊಂದರೆ ಶುರುವಾಗಿ 6 ತಿಂಗಳಾಗಿರಬೇಕು, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ನೋವಿರಬೇಕು, ಜೊತೆಗೆ ಮಲವಿಸರ್ಜನೆಯಲ್ಲಿ ವ್ಯತ್ಯಾಸ ಕಾಣಬೇಕು. ಭ್ರಮೆಗೆ ಯಾರಾದರೂ ಇಷ್ಟು ಲೆಕ್ಕ ಇಡ್ತಾರಾ?

ಇನ್ನು ಸೋಡಾ. ನಿಂಬೆರಸಕ್ಕೆ ಬಿದ್ದಾಗ ನೊರೆ ಉಕ್ಕುತ್ತದಲ್ವಾ, ಅದು ಕಾರ್ಬನ್ ಡೈಆಕ್ಸೈಡ್. ಉಬ್ಬಿದ ಹೊಟ್ಟೆಗೆ ಇನ್ನಷ್ಟು ಗಾಳಿ! ಸೋಡಿಯಂ ಬೇರೆ ಜಾಸ್ತಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ದಿನಾ ಕುಡಿಯಲೇಬಾರದು.

ಡಾಕ್ಟರ್ 'ಏನಿಲ್ಲ ಹೋಗಿ' ಅಂದರೆ ಸುಮ್ನೆ ವಾಪಸ್ ಬರಬೇಡಿ. 2 ವಾರ ಏನು ತಿಂದಿರಿ, ಯಾವಾಗ ನೋವು ಬಂತು ಅಂತ ಬರೆದಿಡಿ. ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿ ತಿಂದ ದಿನವನ್ನೂ ಮುಚ್ಚಿಡಬೇಡಿ. ಆ ಚೀಟಿ ತೋರಿಸಿ, 'ಐಬಿಎಸ್ ಇರಬಹುದಾ? ಸೀಲಿಯಾಕ್‌ಗೆ (ಗೋಧಿಯಲ್ಲಿರುವ ಗ್ಲುಟನ್ ಕರುಳಿಗೆ ಆಗಿಬರದ ಕಾಯಿಲೆ) ರಕ್ತಪರೀಕ್ಷೆ ಬೇಕಾ? ಹಾಲು ಆಗಿಬರುತ್ತಿಲ್ಲವಾ?' ಅಂತ ನೇರವಾಗಿ ಕೇಳಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಬರೆಯುತ್ತಾ ಕೂರಬೇಡಿ. ಬೇಗ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.