ಒಂದು ನೂಲು

ನಾಲ್ಕು ನಟ್ಟುಗಳನ್ನು ಬಿಚ್ಚಿ ನಾಲ್ಕು ನಟ್ಟುಗಳನ್ನು ಬಿಗಿಯುವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಕೇಳಿದ್ದರೆ, ಕಳೆದ ಭಾನುವಾರದವರೆಗೆ ನಾನು ಮುಕ್ಕಾಲು ಗಂಟೆ ಎನ್ನುತ್ತಿದ್ದೆ. ಈಗ ಕೇಳಿದರೆ, ಪಕ್ಕದಲ್ಲಿ ಮಾವನವರು ನಿಂತಿರುತ್ತಾರೆಯೇ ಎಂದು ಮೊದಲು ವಿಚಾರಿಸುತ್ತೇನೆ. ಬಲಗೈ ಗೆಣ್ಣುಗಳ ಮೇಲೆ ಕಿತ್ತುಹೋದ ಚರ್ಮ ಇನ್ನೂ ಮಾಯದಿರುವುದರಿಂದ, ಊಟಕ್ಕೆ ಕುಳಿತು ಸಾರನ್ನ ಕಲಸುವಾಗಲೆಲ್ಲ ಅದು ಚುರ್ರೆನ್ನುವುದರಿಂದ, ಈ ಬರಹದಲ್ಲಿ ಅಲ್ಲಲ್ಲಿ ಖಾರ ಕಂಡರೆ ಓದುಗರು ಮನ್ನಿಸಬೇಕು.

ನಮ್ಮದು 20 ವರ್ಷ ದಾಟಿದ ಕ್ವಾಲಿಸ್. 15 ವರ್ಷ ತುಂಬಿದಾಗ ಮರುನೋಂದಣಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮನೆಯ ಹಿರಿಯರೊಬ್ಬರ ಅರವತ್ತರ ಶಾಂತಿ ಮುಗಿಸಿದಷ್ಟೇ ನೆಮ್ಮದಿಯಿಂದ ಅದನ್ನು ಉಳಿಸಿಕೊಂಡಿದ್ದೇವೆ. ಹಿಂದಿನ ವಾರ ನಾಮಕರಣವೊಂದಕ್ಕೆಂದು ಮೈಸೂರಿನಿಂದ ಮಂಡ್ಯಕ್ಕೆ ಹೊರಟಾಗ, ಹೆದ್ದಾರಿಯ ಉದ್ದಕ್ಕೂ ಶಾಖದ ಸೂಜಿ ಅರ್ಧದ ಗೆರೆಯನ್ನು ಬಿಟ್ಟು ಅಲುಗಲಿಲ್ಲ. ಊರೊಳಗೆ ಹೊಕ್ಕು, ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಕಾಲುಗಂಟೆ ತೆವಳಿದ್ದೇ ತಡ, ಅದೇ ಸೂಜಿ ಕೆಂಪು ಗೆರೆಯ ಕಡೆಗೆ ಹತ್ತತೊಡಗಿತು. ಏಸಿ ಆರಿಸಿ, ಗಾಜುಗಳನ್ನೆಲ್ಲ ಇಳಿಸಿ, ರೇಷ್ಮೆ ಸೀರೆಯ ಹೆಂಡತಿ ಹಾಗೂ ಬೆಳ್ಳಿ ಲೋಟದ ಉಡುಗೊರೆಯ ಸಮೇತ ನಾವು ಬೆವರುತ್ತಾ ಬೇವಿನ ಮರವೊಂದರ ಕೆಳಗೆ ನಿಂತೆವು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಈ ಗಾಡಿಯಲ್ಲಿ ರೇಡಿಯೇಟರಿನ ಹಿಂದಿರುವ ಫ್ಯಾನು ಕರೆಂಟಿನಿಂದ ತಿರುಗುವುದಲ್ಲ. ಎಂಜಿನ್ನಿನ ಬೆಲ್ಟಿನಿಂದ ವಾಟರ್ ಪಂಪಿನ ಪುಲ್ಲಿ ತಿರುಗುತ್ತದೆ, ಪುಲ್ಲಿಗೂ ಫ್ಯಾನಿಗೂ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಫ್ಯಾನ್ ಕ್ಲಚ್ ಇರುತ್ತದೆ. ಅದರ ಮೂತಿಯ ಮೇಲೆ ಎರಡು ಲೋಹಗಳನ್ನು ಬೆಸೆದು ಸುರುಳಿ ಸುತ್ತಿದ ಸಣ್ಣ ಪಟ್ಟಿಯೊಂದಿದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಆ ಸುರುಳಿ ತಿರುಚಿಕೊಂಡು ಒಳಗಿನ ಕಿಂಡಿಯನ್ನು ತೆರೆಯುತ್ತದೆ, ಎಣ್ಣೆ ಹರಿದು ಫ್ಯಾನನ್ನು ಹಿಡಿದುಕೊಳ್ಳುತ್ತದೆ. ಅಪ್ಪನ ಬಿಸಿ ತಟ್ಟಿದಾಗ ಮಾತ್ರ ಪುಸ್ತಕ ಮುಟ್ಟುವ ಹುಡುಗನ ಸ್ವಭಾವ ಅದರದು. ವರ್ಷಗಳು ಉರುಳಿ ಎಣ್ಣೆ ಜಿನುಗಿಹೋದರೆ ಎಷ್ಟು ಬಿಸಿ ತಟ್ಟಿದರೂ ಹುಡುಗ ಏಳುವುದಿಲ್ಲ. ಹೆದ್ದಾರಿಯಲ್ಲಿ ಎದುರುಗಾಳಿಯೇ ಅವನ ಕೆಲಸವನ್ನೂ ಮಾಡಿಬಿಡುವುದರಿಂದ ಸೋಮಾರಿತನ ಯಾರಿಗೂ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ, ತಣ್ಣಗಿದ್ದ ಎಂಜಿನ್ನಿನ ಮುಂದೆ ನಿಂತು ಫ್ಯಾನನ್ನು ಕೈಯಿಂದ ತಳ್ಳಿ ನೋಡಿದೆ. ಒಳ್ಳೆಯ ಕ್ಲಚ್ಚಾದರೆ ಒಲ್ಲೆ ಒಲ್ಲೆ ಎನ್ನುತ್ತಾ ತಿರುಗಬೇಕು. ನಮ್ಮದು ಬುಗುರಿಯಂತೆ ಸುತ್ತಿತು.

ಹೊಸ ಕ್ಲಚ್ ಸಿಕ್ಕಿತು. ಒಳಗಿನ ಎಣ್ಣೆ ಜಾಗ ಬಿಟ್ಟು ಸೋರದಿರಲೆಂದು ಅದನ್ನು ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು ಎಂದು ಅಂಗಡಿಯವರು ಹೇಳಿದ್ದರಿಂದ, ಸ್ಕೂಟರಿನ ಹಿಂದೆ ಕುಳಿತ ಹೆಂಡತಿ ಅದನ್ನು ಬಾಗಿನದ ಮೊರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಆದರೆ ನಮ್ಮ ಮೆಕ್ಯಾನಿಕ್ ಊರಹಬ್ಬಕ್ಕೆ ಹೋಗಿದ್ದರು, ಫೋನು ಎತ್ತುತ್ತಿರಲಿಲ್ಲ. "ನಾಲ್ಕು ನಟ್ಟು ತಾನೇ ಅಳಿಯಂದ್ರೇ, ನಾನು ಬರ್ತೀನಿ" ಎಂದು ಮಾವನವರು ಹೇಳಿದ್ದು ಆಗಲೇ.

ಮಾವನವರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮರಗೆಲಸದವರ, ಗಾರೆಯವರ ಲೆಕ್ಕದಲ್ಲಿ ಅಂಗುಲಕ್ಕೆ ಎಂಟು ನೂಲು. ಒಂದು ನೂಲೆಂದರೆ ಮೂರು ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಮಾವನವರಿಗೆ ಈ ಪ್ರಪಂಚದಲ್ಲಿ ಯಾವ ವಸ್ತುವೂ ಇರಬೇಕಾದ ಜಾಗದಲ್ಲಿಲ್ಲ, ಪ್ರತಿಯೊಂದೂ ಒಂದು ನೂಲು ಆಚೆಗಿದೆ. ಎಡಗಣ್ಣು ಮುಚ್ಚಿ, ತಲೆಯನ್ನು ತುಸು ವಾಲಿಸಿ, ಬಲಗಣ್ಣಿನಿಂದ ದಿಟ್ಟಿಸಿ, "ಒಂದು ನೂಲು ಔಟ್" ಎಂದು ತೀರ್ಪು ಕೊಡುತ್ತಾರೆ. ನಮ್ಮ ಗೃಹಪ್ರವೇಶದಲ್ಲಿ ಪುರೋಹಿತರು ಹೊಸ್ತಿಲ ಪೂಜೆಗೆ ಅಣಿಯಾಗಿ ಕುಳಿತಿದ್ದಾಗ ಬಾಗಿಲ ಚೌಕಟ್ಟನ್ನು ನೋಡಿ ಈ ಮಾತು ಹೇಳಿದರು. ನನ್ನ ಮದುವೆಯ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಒಂದು ಕಣ್ಣು ಮುಚ್ಚಿ ನನ್ನ ಪೇಟ ನೋಡುತ್ತಿದ್ದಾರೆ. ಅತ್ತೆಯವರು ಇಡುವ ರಂಗೋಲಿಯ ಚುಕ್ಕಿಗಳ ಮೇಲೆ ಒಮ್ಮೆ ಇದೇ ಪ್ರಯೋಗ ಮಾಡಿ, ಆ ದಿನ ಮಧ್ಯಾಹ್ನ ಹೋಟೆಲಿನಲ್ಲಿ ಉಂಡರಂತೆ. ಈ ವರ್ಷ ಬಲಗಣ್ಣಿಗೆ ಪೊರೆ ಬಂದಿದೆ ಎಂದು ತೋರಿಸಲು ಕರೆದುಕೊಂಡು ಹೋದಾಗ, ಅಕ್ಷರಗಳ ಫಲಕದಲ್ಲಿ ಮೂರನೆಯ ಸಾಲು ಓದಲಾಗದಿದ್ದರೂ, ಫಲಕವನ್ನು ಗೋಡೆಗೆ ತೂಗುಹಾಕಿರುವುದು ಒಂದು ನೂಲು ವಾರೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಓದಿ ಹೇಳಿದರು.

ಭಾನುವಾರ ಏಳು ಗಂಟೆಗೆಲ್ಲ ಕ್ಯಾನ್ವಾಸ್ ಚೀಲ ಹಿಡಿದು ಬಂದರು. ಮೊದಲ ಅರ್ಧ ಗಂಟೆ ನನ್ನ ತಪ್ಪಿನಿಂದಲೇ ಹಾಳಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ: ಬೆಲ್ಟ್ ಬಿಗಿಯಾಗಿರುವಾಗಲೇ ನಟ್ಟುಗಳನ್ನು ಸಡಿಲಿಸಿಕೊಳ್ಳಬೇಕಿತ್ತು, ನಾನು ಬೆಲ್ಟನ್ನೇ ಮೊದಲು ಬಿಚ್ಚಿದ್ದರಿಂದ ಸ್ಪ್ಯಾನರ್ ತಿರುಗಿಸಿದಾಗಲೆಲ್ಲ ನಟ್ಟಿನ ಜೊತೆಗೆ ಪುಲ್ಲಿಯೂ ತಿರುಗಿತು. ರೇಡಿಯೇಟರಿನ ತೆಳ್ಳಗಿನ ಎಸಳುಗಳಿಗೆ ಪೆಟ್ಟಾಗದಂತೆ ಅಡ್ಡ ಇಡಲು ರಟ್ಟು ಬೇಕಾಗಿ ಸೀರೆಯ ಡಬ್ಬವೊಂದರ ಮುಚ್ಚಳ ಹರಿದದ್ದೂ ನಾನೇ. ಆ ಮೊಕದ್ದಮೆ ಬೇರೆ ನಡೆಯುತ್ತಿದೆ. ಹತ್ತೂವರೆಯ ಹೊತ್ತಿಗೆ ಹೊಸ ಕ್ಲಚ್ಚಿಗೆ ಫ್ಯಾನು ಕಟ್ಟಿ, ನಾಲ್ಕು ಸ್ಟಡ್ಡುಗಳಿಗೆ ಕೂರಿಸಿ, ಅಂಗೈ ಮಾತ್ರ ಹಿಡಿಸುವ ಸಂದಿಯಲ್ಲಿ ಗೆಣ್ಣು ತರಚಿಕೊಳ್ಳುತ್ತಾ ನಟ್ಟುಗಳನ್ನು ಬಿಗಿದು, ಗೆದ್ದೆನೆಂದು ಬೆನ್ನು ನೆಟ್ಟಗೆ ಮಾಡಿದೆ.

ಮಾವನವರ ಎಡಗಣ್ಣು ಮುಚ್ಚಿತ್ತು.

"ಅಳಿಯಂದ್ರೇ, ಒಂದು ನೂಲು..."

ಆಗ ನಾನು ಆಡಬಾರದ ಮಾತೊಂದನ್ನು ಆಡಿದೆ. ಪೊರೆ ಬಂದಿರುವುದು ಬಲಗಣ್ಣಿಗೆ, ಅವರು ರೂಢಿಯಂತೆ ಮುಚ್ಚಿಕೊಂಡಿರುವುದು ಚೆನ್ನಾಗಿರುವ ಎಡಗಣ್ಣನ್ನು, ಹೀಗಿರುವಾಗ ಫ್ಯಾನು ಔಟಾಗಿದೆಯೋ ಕಣ್ಣು ಔಟಾಗಿದೆಯೋ ಹೇಗೆ ಹೇಳುತ್ತೀರಿ ಮಾವ ಎಂದು ಕೇಳಿಬಿಟ್ಟೆ. ಅವರು ಮುಚ್ಚಿದ ಕಣ್ಣನ್ನು ತೆರೆದರು. ಸ್ವಲ್ಪ ಹೊತ್ತು ಎರಡೂ ಕಣ್ಣುಗಳಿಂದ ಫ್ಯಾನನ್ನು ನೋಡುತ್ತಾ ನಿಂತರು. ಹಾಗೆ ನಿಂತಾಗ ಅವರು ಫಿಟ್ಟರಿನಂತೆ ಕಾಣದೆ, ಬಸ್ಸಿನ ಬೋರ್ಡು ಯಾವುದೆಂದು ಪಕ್ಕದವರನ್ನು ಕೇಳುವ ಮುದುಕರಂತೆ ಕಂಡರು. ಆಪರೇಷನ್ನನ್ನು ದಸರಾ ಕಳೆಯಲಿ, ದೀಪಾವಳಿ ಕಳೆಯಲಿ ಎಂದು ಅವರು ಏಕೆ ಮುಂದೂಡುತ್ತಿದ್ದಾರೆ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಏನೂ ಮಾತಾಡದೆ ಚೀಲದಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದರು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಬಳೆಯ ಅಂಚಿಗೆ ಕೈಯನ್ನು ಒತ್ತಿ, ಸುಣ್ಣದ ಮೊನೆ ರೆಕ್ಕೆಯ ತುದಿಗೆ ಇನ್ನೇನು ಸೋಕಬೇಕು ಎಂಬಷ್ಟು ಹತ್ತಿರ ಹಿಡಿದು, "ಪುಲ್ಲೀನ ಮೆಲ್ಲಗೆ ಸುತ್ತಿಸಿ" ಎಂದರು. ಸುತ್ತಿಸಿದೆ. ಒಂದು ಸುತ್ತು ಮುಗಿದಾಗ ಅಕ್ಕಪಕ್ಕದ ಎರಡು ರೆಕ್ಕೆಗಳ ತುದಿಯಲ್ಲಿ ಬೆಳ್ಳನೆಯ ಗೀಟು ಬಿದ್ದಿತ್ತು, ಎದುರುಬದಿಯವು ಕರ್ರಗೇ ಇದ್ದವು. ಹೀಗೇ ಓಡಿಸಿದರೆ ಆರು ತಿಂಗಳಲ್ಲಿ ವಾಟರ್ ಪಂಪಿನ ಬೇರಿಂಗು ಗೊರಗೊರ ಎನ್ನುತ್ತದೆ ಎಂದು, ನನ್ನ ಮುಖ ನೋಡದೆ, ರೆಕ್ಕೆಗೆ ಹೇಳುವಂತೆ ಹೇಳಿದರು.

ಮತ್ತೆ ಬಿಚ್ಚಿದೆ. ಪುಲ್ಲಿಯ ಮುಖದ ಮೇಲೆ, ಕ್ಲಚ್ ಒರಗಿ ಕೂರುವ ಜಾಗದಲ್ಲಿ, ಉಗುರಿನಷ್ಟು ತೆಳುವಾದ ತುಕ್ಕಿನ ಹಕ್ಕಳೆ ಅಂಟಿಕೊಂಡಿತ್ತು. ನಡುವಿನಲ್ಲಿ ಅರ್ಧ ಮಿಲಿಮೀಟರ್ ಇದ್ದದ್ದು ರೆಕ್ಕೆಯ ತುದಿಗೆ ಬರುವಾಗ ನೂಲಾಗಿ ಬೆಳೆದಿತ್ತು. ಕೆರೆದು, ಉಜ್ಜಿ, ಬಟ್ಟೆಯಿಂದ ಒರೆಸಿ, ಈ ಸಲ ಒಂದು ನಟ್ಟು, ಅದರ ಎದುರಿನ ನಟ್ಟು ಎಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಗೀಟು ಎಲ್ಲ ರೆಕ್ಕೆಗಳಿಗೂ ಸಮನಾಗಿ ಬಿತ್ತು. ಬಾನೆಟ್ ಮುಚ್ಚುವಾಗ ಗಂಟೆ ಎರಡಾಗಿತ್ತು.

ನಿನ್ನೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮತ್ತೆ ಮಂಡ್ಯಕ್ಕೆ ಹೋದೆವು. ಅದೇ ರಸ್ತೆ, ಅಂಥದೇ ಟ್ರ್ಯಾಕ್ಟರ್, ನಡಿಗೆಯ ವೇಗ. ಬಾನೆಟ್ಟಿನ ಒಳಗಿನಿಂದ ಫ್ಯಾನು ಹಿಡಿದುಕೊಂಡ ಭೋರೆನ್ನುವ ಸದ್ದು ಕೇಳಿಸಿತು, ಸೂಜಿ ಅರ್ಧದಲ್ಲೇ ನಿಂತಿತು. ನಾನು ಹೆಮ್ಮೆಯಿಂದ ಮಾವನವರತ್ತ ತಿರುಗಿದರೆ ಅವರು ಸೂಜಿಯನ್ನು ನೋಡುತ್ತಲೇ ಇರಲಿಲ್ಲ. ಎಡಗಣ್ಣು ಮುಚ್ಚಿ, ತಲೆ ವಾಲಿಸಿ, ಮುಂದಿನ ಟ್ರ್ಯಾಕ್ಟರಿನ ಮೇಲೆ ಎರಡಾಳೆತ್ತರಕ್ಕೆ ಹೇರಿದ್ದ ಕಬ್ಬನ್ನು ದಿಟ್ಟಿಸುತ್ತಿದ್ದರು. ಹಿಂದಿನ ಸೀಟಿನಿಂದ ಹೆಂಡತಿ, "ಅಪ್ಪಾ, ಸುಮ್ನಿರಿ" ಎಂದಳು. ನಾನು ಮಾತ್ರ ಬ್ರೇಕ್ ಒತ್ತಿ, ಇಪ್ಪತ್ತು ಅಡಿ ಹಿಂದೆ ಉಳಿದುಕೊಂಡೆ.